ತಂದೆತಾಯಿ ಮತ್ತು ಹದಿಹರೆಯದ ಮಕ್ಕಳ ವೃತ್ತಿಸಿದ್ಧತೆ

ಹದಿಹರೆಯದ ಮಕ್ಕಳು ಮುಂದಿನ ದುಡಿಮೆಗೆ ಎಷ್ಟರಮಟ್ಟಿಗೆ ಅಣಿಯಾಗುತ್ತಾರೆ ಎಂಬುದನ್ನು ನಿರ್ಧರಿಸುವ ಸಂಗತಿಗಳಲ್ಲಿ ತಂದೆತಾಯಿಗೆ ಮೊದಲ ಸಾಲಿನ ಸ್ಥಾನವಿದೆ. ಮನಃಶಾಸ್ತ್ರ, ಸಮಾಜಶಾಸ್ತ್ರ, ಅರ್ಥಶಾಸ್ತ್ರ, ಶಿಕ್ಷಣಶಾಸ್ತ್ರಗಳು ಇದನ್ನು ತಮ್ಮ ತಮ್ಮ ದಾರಿಯಲ್ಲಿ ಬಹುಕಾಲದಿಂದ ಅಭ್ಯಸಿಸುತ್ತ ಬಂದಿವೆ. ವೃತ್ತಿಸಿದ್ಧತೆ ಎಂದರೆ ಇಂಥ ಕೆಲಸ ಬೇಕೆಂದು ಹೇಳಬಲ್ಲ ಶಕ್ತಿಯಷ್ಟೇ ಅಲ್ಲ. ತನಗೆ ಏನು ಒಗ್ಗುತ್ತದೆ, ಏನು ಒಗ್ಗುವುದಿಲ್ಲ ಎಂಬ ಅರಿವು. ಹೊರಗೆ ಎಂಥೆಂಥ ಕೆಲಸಗಳಿವೆ, ಅವುಗಳಿಗೆ ದಾರಿ ಯಾವುದು ಎಂಬ ತಿಳಿವಳಿಕೆ. ಒಂದು ನಿರ್ಧಾರಕ್ಕೆ ಬರುವ, ಅದು ಕೈಕೊಟ್ಟರೆ ಬದಲಿಸಿಕೊಳ್ಳುವ ಧೈರ್ಯ. ಹೊತ್ತಿಗೆ ಸರಿಯಾಗಿ ಹೋಗುವುದು, ಒಪ್ಪಿಕೊಂಡದ್ದನ್ನು ಮುಗಿಸುವುದು, ಗುರುತಿಲ್ಲದವರೊಡನೆ ಅಳುಕದೆ ಮಾತಾಡುವುದು ಮೊದಲಾದ ರೂಢಿಗಳು - ಇವೆಲ್ಲ ಸೇರಿ ಸಿದ್ಧತೆ. ಕರ್ನಾಟಕದಲ್ಲಿ, ಭಾರತದ ಬಹುಭಾಗದಲ್ಲಿಯೂ, ಹತ್ತನೆಯ ತರಗತಿಯ ನಂತರ ಕೋರ್ಸ್ ಆರಿಸಿದರೆ ಇದೆಲ್ಲ ಮುಗಿಯಿತು ಎಂದು ತಿಳಿಯುವುದುಂಟು. ಸೀಟನ್ನು ತಂದೆತಾಯಿ ಕೊಡಿಸಬಹುದು. ಸಿದ್ಧತೆಯನ್ನು ಹಾಗೆ ಕೊಡಿಸಲು ಬರುವುದಿಲ್ಲ. ಈವರೆಗಿನ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಆಯ್ಕೆಯ ಹೊತ್ತಿನಲ್ಲಿ ಹೇಳುವ ಬುದ್ಧಿಮಾತಿಗಿಂತ ಅದಕ್ಕೂ ಹತ್ತಾರು ವರ್ಷ ಮೊದಲಿನಿಂದ ಮನೆಯಲ್ಲಿ ನಡೆದುಕೊಂಡು ಬಂದದ್ದೇ ಹೆಚ್ಚು ಪರಿಣಾಮ ಮಾಡುತ್ತದೆಂದು ಕಾಣುತ್ತದೆ.

ಪರಿಕಲ್ಪನೆ ಬೆಳೆದ ಬಗೆ

ಕಸುಬು ಹುಟ್ಟಿನಿಂದಲೇ ಬರುತ್ತಿದ್ದ ಕಾಲದಲ್ಲಿ ಈ ಪ್ರಶ್ನೆಗೆ ಎಡೆಯಿರಲಿಲ್ಲ. ಅಪ್ಪನ ಉಳಿ ಹಿಡಿದು ಮಗ ಕಲಿಯುತ್ತಿದ್ದ. ಕಲಿಸುವವನೂ ಕೆಲಸ ಕೊಡುವವನೂ ಒಬ್ಬನೇ. ಕಾರ್ಖಾನೆ, ಕಚೇರಿ, ನಗರಗಳು ಬೆಳೆದು ಮನೆಯೂ ದುಡಿಮೆಯ ಜಾಗವೂ ಬೇರೆಯಾದ ಮೇಲೆ ತಂದೆತಾಯಿಗೆ ಗೊತ್ತಿಲ್ಲದ ಕೆಲಸಗಳು ಮಕ್ಕಳ ಮುಂದೆ ಬಂದವು. ಫ್ರ್ಯಾಂಕ್ ಪಾರ್ಸನ್ಸ್ 1908ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ವೃತ್ತಿ ಮಾರ್ಗದರ್ಶನ ಕೇಂದ್ರವೊಂದನ್ನು ತೆರೆದದ್ದನ್ನು ಈ ಶಾಖೆಯ ಆರಂಭವೆಂದು ಗುರುತಿಸುವುದು ವಾಡಿಕೆ. ತನ್ನನ್ನು ಅರಿ, ಕೆಲಸಗಳನ್ನು ಅರಿ, ಎರಡನ್ನೂ ತಾಳೆ ನೋಡು ಎಂಬ ಅವನ ಸೂತ್ರದಲ್ಲಿ ತಂದೆತಾಯಿಗೆ ಹೇಳಿಕೊಳ್ಳುವಂಥ ಪಾತ್ರವಿರಲಿಲ್ಲ.

1951ರಲ್ಲಿ ಎಲಿ ಗಿನ್ಸ್‌ಬರ್ಗ್ ಮತ್ತು ಸಂಗಡಿಗರು ವೃತ್ತಿಯ ಆಯ್ಕೆ ಒಂದು ದಿನದ ನಿರ್ಧಾರವಲ್ಲ, ವರ್ಷಗಟ್ಟಲೆ ನಡೆಯುವ ಕ್ರಿಯೆ ಎಂದು ತೋರಿಸಿದರು. ಸುಮಾರು ಹನ್ನೊಂದರವರೆಗೆ ಕಲ್ಪನೆಯ ಹಂತ, ಅಲ್ಲಿಂದ ಹದಿನೇಳರವರೆಗೆ ತಾತ್ಕಾಲಿಕ ಒಲವುಗಳ ಹಂತ, ಆಮೇಲೆ ವಾಸ್ತವದ ಹಂತ ಎಂಬುದು ಅವರ ವಿಂಗಡಣೆ. ಅದೇ ವರ್ಷ ಡೊನಾಲ್ಡ್ ಸೂಪರ್ ನ್ಯೂಯಾರ್ಕ್ ರಾಜ್ಯದ ಮಿಡಲ್‌ಟೌನ್‌ನಲ್ಲಿ ಒಂಬತ್ತನೆಯ ತರಗತಿಯ ಹುಡುಗರನ್ನು ದೀರ್ಘಕಾಲ ಹಿಂಬಾಲಿಸುವ ಅಧ್ಯಯನಕ್ಕೆ ಕೈಹಾಕಿದ. ಆ ವಯಸ್ಸಿನಲ್ಲಿ ಹೇಳುವ ಇಷ್ಟದ ಕೆಲಸ ನಿಲ್ಲುವಂಥದ್ದಲ್ಲ, ಆದ್ದರಿಂದ ಆಗ ಬೇಕಾದದ್ದು ಆಯ್ಕೆಯಲ್ಲ, ಆಯ್ಕೆಗೆ ಬೇಕಾದ ತಯಾರಿ ಎಂಬ ತೀರ್ಮಾನಕ್ಕೆ ಅವನು ಬಂದ. ವೃತ್ತಿ ಪ್ರಬುದ್ಧತೆ ಎಂಬ ಪರಿಕಲ್ಪನೆ ಹೀಗೆ ಹುಟ್ಟಿತು. ಸೂಪರ್ ಯಾವ ವಯಸ್ಸಿನ ಮಕ್ಕಳನ್ನು ಇನ್ನೂ ಆರಿಸಲು ಬಿಡಬಾರದೆಂದನೋ ಹೆಚ್ಚುಕಡಿಮೆ ಅದೇ ವಯಸ್ಸಿನಲ್ಲಿ ನಮ್ಮ ಮಕ್ಕಳು ಸೈನ್ಸೋ ಕಾಮರ್ಸೋ ಎಂದು ಹೇಳಬೇಕಾಗಿದೆ. ಮುಂದೆ 1997ರಲ್ಲಿ ಮಾರ್ಕ್ ಸವಿಕಾಸ್ ಪ್ರಬುದ್ಧತೆಯ ಬದಲು ಹೊಂದಾಣಿಕೆಯ ಶಕ್ತಿಯನ್ನು ಮುಂದಕ್ಕೆ ತಂದ. ಒಂದೇ ಉದ್ಯೋಗದಲ್ಲಿ ನಿವೃತ್ತಿಯಾಗುವ ಕಾಲ ಹೋಗುತ್ತಿದ್ದುದರಿಂದ ಈ ಬದಲಾವಣೆ ಸಹಜವೇ ಆಗಿತ್ತು.

ತಂದೆತಾಯಿಯನ್ನು ಸಿದ್ಧಾಂತದ ನಡುವಿಗೆ ತಂದವಳು ಆ್ಯನ್ ರೋ. ಎಳವೆಯಲ್ಲಿ ಅಕ್ಕರೆ ಕಂಡ ಮಕ್ಕಳು ಜನರ ಒಡನಾಟದ ವೃತ್ತಿಗಳತ್ತಲೂ, ತಿರಸ್ಕಾರ ಕಂಡವರು ವಸ್ತುಗಳೊಡನೆ ಮಾಡುವ ಕೆಲಸಗಳತ್ತಲೂ ವಾಲುತ್ತಾರೆ ಎಂದು ಅವಳು 1950ರ ದಶಕದಲ್ಲಿ ಊಹಿಸಿದಳು. ಮುಂದಿನ ಪರೀಕ್ಷೆಗಳಲ್ಲಿ ಇದು ನಿಲ್ಲಲಿಲ್ಲ. ಆದರೆ ಮನೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು ಎಂಬ ಹಟ ಉಳಿಯಿತು.

ಜೇಮ್ಸ್ ಮಾರ್ಸಿಯ 1966ರಲ್ಲಿ ಯುವಜನರ ಅಸ್ಮಿತೆಯನ್ನು ಕುರಿತು ಮಾಡಿದ ವಿಂಗಡಣೆ ಇಂದಿಗೂ ಬಳಕೆಯಲ್ಲಿದೆ. ತಾನಾಗಿ ಏನನ್ನೂ ಹುಡುಕಿ ನೋಡದೆ ಹಿರಿಯರು ಕೊಟ್ಟದ್ದನ್ನೇ ತನ್ನದೆಂದು ಒಪ್ಪಿಕೊಳ್ಳುವ ಸ್ಥಿತಿಯನ್ನು ಅವನು ಪ್ರತ್ಯೇಕವಾಗಿ ಗುರುತಿಸಿ, ಹುಡುಕಾಟದ ನಂತರ ಬಂದ ನಿಶ್ಚಯಕ್ಕಿಂತ ಅದನ್ನು ಕೆಳಗಿಟ್ಟ. ಏಷ್ಯಾದ ಸಂಶೋಧಕರಿಗೆ ಈ ಶ್ರೇಣಿ ಪೂರ್ತಿ ಒಪ್ಪಿಗೆಯಾಗಲಿಲ್ಲ. ಇಂಡೊನೇಷ್ಯಾದ ಡಿಯಾನ್ ಸಾವಿತ್ರಿ ಮತ್ತು ಸಹೋದ್ಯೋಗಿಗಳು 2013ರಲ್ಲಿ ಮಗುವಿನ ಬಯಕೆಗೂ ತಂದೆತಾಯಿಯ ಬಯಕೆಗೂ ಇರುವ ಹೊಂದಿಕೆಯನ್ನೇ ಅಳೆಯುವ ಮಾಪಕವೊಂದನ್ನು ರೂಪಿಸಿದರು. ಮನೆಯ ಮಾತು ಕೇಳಿದವನೆಲ್ಲ ಸ್ವಂತಿಕೆಯಿಲ್ಲದವನೆಂದು ಅಳೆಯುವ ಕೋಲು ನಮ್ಮ ಕಡೆಯ ಕುಟುಂಬಗಳಿಗೆ ಸರಿಹೊಂದುವುದಿಲ್ಲ ಎಂಬುದು ನಿಜ. ಹಾಗೆಂದು ಹೊಂದಿಕೆಯ ಹೆಸರಿನಲ್ಲಿ ಮಗು ಬಾಯಿಮುಚ್ಚಿಕೊಂಡಿರುವುದನ್ನೂ ಸಮ್ಮತಿಯೆಂದು ಎಣಿಸಲು ಬರುವುದಿಲ್ಲ.

ಮನೆಯಿಂದ ಬರುವ ಬಳುವಳಿ

ಸಮಾಜಶಾಸ್ತ್ರಜ್ಞರು ಮನಸ್ಸಿಗಿಂತ ಮೊದಲು ಮನೆಯ ಸ್ಥಿತಿಗತಿಯನ್ನು ನೋಡಿದರು. ಪೀಟರ್ ಬ್ಲಾ ಮತ್ತು ಓಟಿಸ್ ಡಂಕನ್ ಅಮೆರಿಕದ ಉದ್ಯೋಗ ರಚನೆಯನ್ನು ಕುರಿತು 1967ರಲ್ಲಿ ಪ್ರಕಟಿಸಿದ ಗ್ರಂಥದ ಪ್ರಕಾರ ಅಪ್ಪನ ವಿದ್ಯೆ ಮತ್ತು ಹುದ್ದೆ ಮಗನ ಹುದ್ದೆಯನ್ನು ನೇರವಾಗಿ ನಿರ್ಧರಿಸುವುದಕ್ಕಿಂತ ಮಗನ ವಿದ್ಯಾಭ್ಯಾಸದ ಮೂಲಕ ನಿರ್ಧರಿಸುತ್ತವೆ. ವಿಸ್ಕಾನ್ಸಿನ್ ರಾಜ್ಯದಲ್ಲಿ 1957ರಲ್ಲಿ ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದವರನ್ನು ಹಿಂಬಾಲಿಸಿದ ವಿಲಿಯಂ ಸ್ಯೂಯಲ್ ಮತ್ತು ಸಂಗಡಿಗರು ಇದಕ್ಕೆ ಇನ್ನೊಂದು ಕೊಂಡಿ ಸೇರಿಸಿದರು: ಕಾಲೇಜಿಗೆ ಹೋಗು ಎಂದು ತಂದೆತಾಯಿ ಹುರಿದುಂಬಿಸಿದರೇ, ಮೇಷ್ಟ್ರು ಹೇಳಿದರೇ, ಗೆಳೆಯರು ಹೊರಟಿದ್ದಾರೆಯೇ ಎಂಬುದು ಆಕಾಂಕ್ಷೆಯನ್ನು ರೂಪಿಸುತ್ತದೆ, ಆಕಾಂಕ್ಷೆ ಓದನ್ನು ರೂಪಿಸುತ್ತದೆ.

ಮೆಲ್ವಿನ್ ಕೋನ್ 1969ರಲ್ಲಿ ಮಂಡಿಸಿದ ವಿಚಾರ ಇವೆಲ್ಲಕ್ಕಿಂತ ಸೂಕ್ಷ್ಮವಾದದ್ದು. ಮೇಲಿನವರು ಹೇಳಿದಂತೆ ಕೇಳಿಕೊಂಡು ದುಡಿಯಬೇಕಾದ ಕೆಲಸದಲ್ಲಿರುವವರು ಮಕ್ಕಳಲ್ಲಿ ವಿಧೇಯತೆಯನ್ನು ಮೆಚ್ಚುತ್ತಾರೆ. ತಾವೇ ಯೋಚಿಸಿ ತೀರ್ಮಾನಿಸುವ ಕೆಲಸದಲ್ಲಿರುವವರು ಸ್ವತಂತ್ರ ಬುದ್ಧಿಯನ್ನು ಮೆಚ್ಚುತ್ತಾರೆ ಎಂದು ಅವನು ತೋರಿಸಿದ. ತಮ್ಮ ದುಡಿಮೆ ಯಾವ ಗುಣವನ್ನು ಬೇಡಿತೋ ಅದನ್ನೇ ಮಕ್ಕಳಿಗೆ ಕಲಿಸುವುದು ದಡ್ಡತನವೇನಲ್ಲ, ಅನುಭವದ ಪಾಠ. ತೊಡಕೆಂದರೆ ಆ ಪಾಠ ಮಗುವನ್ನು ಅಂಥದೇ ಕೆಲಸಕ್ಕೆ ತಯಾರು ಮಾಡುತ್ತದೆ. ಆ್ಯನೆಟ್ ಲರೋ 2003ರಲ್ಲಿ ಪ್ರಕಟಿಸಿದ ಕೃತಿಗಾಗಿ 12 ಕುಟುಂಬಗಳ ದಿನಚರಿಯನ್ನು ಹತ್ತಿರದಿಂದ ನೋಡಿದಾಗಲೂ ಇದೇ ಬೇರೊಂದು ರೂಪದಲ್ಲಿ ಕಂಡಿತು. ಮಧ್ಯಮವರ್ಗದ ಮಕ್ಕಳು ವೈದ್ಯರ ಮುಂದೆ, ಶಿಕ್ಷಕರ ಮುಂದೆ ತಮಗೆ ಬೇಕಾದದ್ದನ್ನು ಕೇಳುವುದನ್ನು ಕಲಿತಿದ್ದರು. ಕೂಲಿಕಾರರ ಮಕ್ಕಳಿಗೆ ಅಲ್ಲಿ ತಲೆತಗ್ಗಿಸಿ ನಿಲ್ಲುವುದು ಅಭ್ಯಾಸವಾಗಿತ್ತು. ಮುಂದೊಂದು ದಿನ ಸಂದರ್ಶನದ ಕೋಣೆಯಲ್ಲಿ ಈ ವ್ಯತ್ಯಾಸಕ್ಕೆ ಬೆಲೆ ಬರುತ್ತದೆ.

ಭಾರತದಲ್ಲಿ ಈ ಬಳುವಳಿಗೆ ಜಾತಿಯ ಜಾಲವೂ ಸೇರಿಕೊಳ್ಳುತ್ತದೆ. ಕೈವನ್ ಮುನ್ಷಿ ಮತ್ತು ಮಾರ್ಕ್ ರೋಸೆನ್‌ಜ್ವೈಗ್ ಮುಂಬೈಯ ದಾದರ್ ಪ್ರದೇಶದ ಶಾಲೆಗಳಿಗೆ ಸೇರಿದ ಮಕ್ಕಳ ಕುಟುಂಬಗಳನ್ನು ಅಭ್ಯಸಿಸಿ 2006ರಲ್ಲಿ ಕುತೂಹಲದ ಸಂಗತಿಯೊಂದನ್ನು ಹೊರಗಿಟ್ಟರು. ಗಿರಣಿ ಮತ್ತು ಕಾರ್ಖಾನೆಯ ಕೆಲಸಗಳಿಗೆ ತಮ್ಮವರ ಮೂಲಕ ಸೇರಿಕೊಳ್ಳುವ ದಾರಿಯಿದ್ದ ಜಾತಿಗಳಲ್ಲಿ ಗಂಡುಮಕ್ಕಳನ್ನು ಮರಾಠಿ ಮಾಧ್ಯಮಕ್ಕೇ ಕಳಿಸುವ ಒಲವು ಮುಂದುವರಿದಿತ್ತು. ಅಂಥ ಜಾಲದಲ್ಲಿ ಪಾಲಿಲ್ಲದ ಹೆಣ್ಣುಮಕ್ಕಳು ಇಂಗ್ಲಿಷ್ ಮಾಧ್ಯಮಕ್ಕೆ ಬೇಗ ಹೊರಳಿ, 1990ರ ದಶಕದ ಹೊಸ ಉದ್ಯೋಗಗಳಿಗೆ ಹತ್ತಿರವಾದರು. ಅಪ್ಪನಿಗೆ ಆಸರೆಯಾಗಿದ್ದ ಪರಿಚಯವೇ ಮಗನಿಗೆ ಕಟ್ಟಾಯಿತು.

ಇಳಕಲ್ಲಿನ ನೇಕಾರರ ಮನೆಗಳಲ್ಲಿ ಬಳುವಳಿಯ ಎರಡು ಮುಖವನ್ನೂ ನೋಡಬಹುದು. ಮಗ್ಗ ಇರುವುದು ಮನೆಯ ನಡುವಿನಲ್ಲೇ. ಕಂಡಿಕೆ ಸುತ್ತುವುದು, ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಎಳೆಯೆಳೆಯಾಗಿ ಗಂಟುಹಾಕುವ ತೋಪುತೆನಿಯ ಕೆಲಸಕ್ಕೆ ಕೈಜೋಡಿಸುವುದು ಮಕ್ಕಳಿಗೆ ಕಲಿಸಿ ಬರುವುದಲ್ಲ, ನೋಡಿ ಬರುವುದು. ತಾಳ್ಮೆ, ಅಳತೆ, ಗಿರಾಕಿಯೊಡನೆ ಮಾತು, ಸಾಹುಕಾರನೊಡನೆ ಲೆಕ್ಕ - ವೃತ್ತಿಸಿದ್ಧತೆಯ ಪಟ್ಟಿಯಲ್ಲಿರುವ ಬಹುಪಾಲು ಅಲ್ಲಿದೆ. ಆದರೂ ಮಗ ಈ ಕೆಲಸಕ್ಕೆ ಬೇಡ ಎಂದು ಹೇಳುವ ನೇಕಾರರು ಅನೇಕರು. ಕೂಲಿಯ ಲೆಕ್ಕ ಅವರಿಗೆ ಗೊತ್ತು. ಕೈಯಲ್ಲಿರುವ ವಿದ್ಯೆಯನ್ನು ಕೊಡಲು ಮನಸ್ಸಿಲ್ಲ, ಕೊಡಬೇಕೆಂದಿರುವ ವಿದ್ಯೆ ಕೈಯಲ್ಲಿಲ್ಲ ಎಂಬ ಇಕ್ಕಟ್ಟು ಬೀದರಿನ ಬಿದರಿ ಕೆಲಸದವರಿಗೂ ಚನ್ನಪಟ್ಟಣದ ಬೊಂಬೆ ಮಾಡುವವರಿಗೂ ಸಣ್ಣ ಹಿಡುವಳಿಯ ರೈತರಿಗೂ ಇದ್ದದ್ದೇ.

ನಂಬಿಕೆ, ಮಾತು, ನಡವಳಿಕೆ

ಆಲ್ಬರ್ಟ್ ಬಂಡೂರ ಮತ್ತು ಇಟಲಿಯ ಸಹೋದ್ಯೋಗಿಗಳು 272 ಮಕ್ಕಳನ್ನು ಅಭ್ಯಸಿಸಿ 2001ರಲ್ಲಿ ಪ್ರಕಟಿಸಿದ ಲೇಖನ ಈ ಕ್ಷೇತ್ರದಲ್ಲಿ ಹೆಚ್ಚು ಚರ್ಚೆಗೆ ಬಂದವುಗಳಲ್ಲೊಂದು. ಕುಟುಂಬದ ಆರ್ಥಿಕ ಸ್ಥಿತಿ ಮಗುವಿನ ವೃತ್ತಿಯ ಒಲವನ್ನು ನೇರವಾಗಿ ತಟ್ಟುವುದಿಲ್ಲ. ತಂದೆತಾಯಿಯ ಆಕಾಂಕ್ಷೆ, ಮಗುವಿನ ಓದಿಗೆ ತಮ್ಮಿಂದ ಏನಾದರೂ ಆದೀತೆಂಬ ಅವರ ಭರವಸೆ, ಅದರಿಂದ ಮಗುವಿಗೆ ಬರುವ ಆತ್ಮವಿಶ್ವಾಸ - ಈ ಮೆಟ್ಟಿಲುಗಳನ್ನು ಹಾದು ತಟ್ಟುತ್ತದೆ. ಮಗುವಿಗೆ ಯಾವ ಕೆಲಸ ಮಾಡಬಲ್ಲೆನೆಂಬ ನಂಬಿಕೆಯಿದೆಯೋ ಅದರತ್ತ ಅದು ವಾಲುತ್ತದೆ. ನಿಜವಾಗಿ ಪಡೆದ ಅಂಕಗಳಿಗಿಂತಲೂ ಈ ನಂಬಿಕೆಯ ತೂಕ ಹೆಚ್ಚೆಂದು ಅವರು ಕಂಡರು.

ತಂದೆತಾಯಿಯ ನಂಬಿಕೆ ಎಲ್ಲಿಂದ ಬರುತ್ತದೆ? ಮಿಶಿಗನ್‌ನ ಜಾಕ್ವಲಿನ್ ಎಕಲ್ಸ್ 1980ರ ದಶಕದಿಂದ ನಡೆಸಿದ ಅಧ್ಯಯನಗಳು ಗಣಿತವನ್ನು ಹಿಡಿದು ಹೊರಟವು. ಒಂದೇ ಅಂಕ ತಂದರೂ ಮಗನದು ಬುದ್ಧಿಶಕ್ತಿ, ಮಗಳದು ಕಷ್ಟಪಟ್ಟು ಓದಿದ ಫಲ ಎಂದು ವಿವರಿಸುವ ಒಲವು ತಂದೆತಾಯಿಯಲ್ಲಿ ಕಂಡಿತು. ಹುಡುಗಿ ತನ್ನ ಅಂಕಪಟ್ಟಿಗಿಂತ ಈ ವಿವರಣೆಯನ್ನು ಹೆಚ್ಚು ನಂಬಿದಳು. ಮಗಳು ಬಹಳ ಕಷ್ಟಪಡುತ್ತಾಳೆ ಎಂಬ ಹೊಗಳಿಕೆ ನಮ್ಮ ಮನೆಗಳಲ್ಲಿಯೂ ಎಷ್ಟು ಸಲೀಸಾಗಿ ಬಾಯಿಗೆ ಬರುತ್ತದೆ ಎಂದು ನೆನೆದುಕೊಂಡರೆ ಸಾಕು.

ನಡವಳಿಕೆಯ ವಿಷಯದಲ್ಲಿ ಡಯಾನಾ ಬೌಮ್‌ರಿಂಡ್ 1960ರ ದಶಕದಲ್ಲಿ ಮಾಡಿದ ವಿಂಗಡಣೆ ಪ್ರಸಿದ್ಧ: ಅಪ್ಪಣೆ ಮಾಡುವವರು, ಹೇಗಾದರೂ ಇರಲಿ ಎಂದು ಬಿಡುವವರು, ಕಟ್ಟುಪಾಡನ್ನು ಕಾರಣ ಸಮೇತ ಹೇಳಿ ಮಾತಿಗೂ ಅವಕಾಶ ಕೊಡುವವರು. ಮೂರನೆಯವರ ಮಕ್ಕಳು ವೃತ್ತಿಯ ಹುಡುಕಾಟದಲ್ಲಿಯೂ ಮುಂದು ಎಂದು ಪಾಶ್ಚಾತ್ಯ ಅಧ್ಯಯನಗಳು ಹೇಳುತ್ತವೆ. ಚೀನೀ ಮೂಲದ ಕುಟುಂಬಗಳನ್ನು ಕಂಡ ರೂತ್ ಚಾವೊ 1994ರಲ್ಲಿ ಇದನ್ನು ಪ್ರಶ್ನಿಸಿದಳು. ಹೊರಗಿನವರಿಗೆ ದರ್ಪವಾಗಿ ಕಾಣುವುದು ಆ ಮನೆಗಳಲ್ಲಿ ತರಬೇತಿಯೂ ಕಾಳಜಿಯೂ ಆಗಿರುತ್ತದೆ ಎಂಬುದು ಅವಳ ವಾದ. ಜರ್ಮನಿಯ ಯೂಲಿಯಾ ಡೀಟ್ರಿಶ್ ಮತ್ತು ಬೇರ್ಬೆಲ್ ಕ್ರಾಕೆ 2009ರಲ್ಲಿ ವೃತ್ತಿಗೆ ಸಂಬಂಧಿಸಿದ ನಡವಳಿಕೆಯನ್ನಷ್ಟೇ ಬೇರ್ಪಡಿಸಿ ಬೆಂಬಲ, ಮೂಗು ತೂರಿಸುವಿಕೆ, ಉದಾಸೀನ ಎಂದು ಮೂರು ಬಗೆಯಲ್ಲಿ ಅಳೆದರು. ಬೆಂಬಲವಿದ್ದಲ್ಲಿ ಮಕ್ಕಳು ತಾವಾಗಿ ಹುಡುಕುತ್ತಿದ್ದರು. ಉಳಿದೆರಡೂ ನಿರ್ಧರಿಸಲಾಗದ ತೊಳಲಾಟದೊಡನೆ ತಳಕುಹಾಕಿಕೊಂಡಿದ್ದವು.

ಮಾತನ್ನೇ ಆಡದೆ ಕಲಿಸುವುದೂ ಇದೆ. ಕೆನಡಾದ ಜೂಲಿಯನ್ ಬಾರ್ಲಿಂಗ್ ಮತ್ತು ಜೊತೆಗಾರರು 1998ರಲ್ಲಿ ತೋರಿಸಿದಂತೆ, ತಂದೆತಾಯಿಯ ಕೆಲಸಕ್ಕೆ ಕುತ್ತಿದೆಯೆಂದು ಬಗೆದ ಮಕ್ಕಳಲ್ಲಿ ದುಡಿಮೆಯ ಮೇಲಿನ ನಂಬಿಕೆಯೇ ಸಡಿಲವಾಗುತ್ತದೆ. ರಾತ್ರಿ ಊಟಕ್ಕೆ ಕೂತಾಗ ಆಫೀಸಿನ ಬಗ್ಗೆ ಗೊಣಗುವುದನ್ನಷ್ಟೇ ಕೇಳಿ ಬೆಳೆದ ಮಗುವಿಗೆ ಮರುದಿನ ದುಡಿಮೆಯ ಮಹತ್ವ ಬೋಧಿಸಿ ಫಲವಿಲ್ಲ.

ಇಂಥ ಅಧ್ಯಯನಗಳಲ್ಲಿ ಹೆಚ್ಚಿನವು ಇದ್ದದ್ದನ್ನು ಅಳೆದವು, ಪ್ರಯೋಗ ಮಾಡಿ ನೋಡಿದವು ವಿರಳ. ಜುಡಿತ್ ಹರಾಕೀವಿಚ್ ಮತ್ತು ತಂಡ ವಿಸ್ಕಾನ್ಸಿನ್‌ನಲ್ಲಿ ನಡೆಸಿ 2012ರಲ್ಲಿ ವರದಿ ಮಾಡಿದ್ದು ಅಂಥ ವಿರಳ ಪ್ರಯೋಗ. ಹೈಸ್ಕೂಲು ಮಕ್ಕಳ ತಂದೆತಾಯಿಗೆ ಗಣಿತ ವಿಜ್ಞಾನಗಳ ಉಪಯೋಗವನ್ನೂ ಅದನ್ನು ಮಕ್ಕಳೊಡನೆ ಹೇಗೆ ಮಾತಾಡಬಹುದೆಂಬುದನ್ನೂ ತಿಳಿಸುವ ಎರಡು ಕಿರುಹೊತ್ತಗೆಗಳನ್ನು ಅಂಚೆಯಲ್ಲಿ ಕಳಿಸಿ, ಒಂದು ಜಾಲತಾಣದ ವಿಳಾಸ ಕೊಟ್ಟರು. ಅಷ್ಟಕ್ಕೇ ಆ ಮಕ್ಕಳು ಕೊನೆಯ ಎರಡು ವರ್ಷಗಳಲ್ಲಿ ಹೆಚ್ಚುಕಡಿಮೆ ಒಂದು ಸೆಮಿಸ್ಟರಿನಷ್ಟು ಹೆಚ್ಚು ಗಣಿತ ವಿಜ್ಞಾನ ಓದಿದರು. ಆದರೆ ಓದಿನಲ್ಲಿ ಹಿಂದಿದ್ದ ಹೆಣ್ಣುಮಕ್ಕಳಿಗೆ ಇದರಿಂದ ಪ್ರಯೋಜನವಾಗಲಿಲ್ಲವೆಂದು ಅದೇ ತಂಡ ಮುಂದೆ ಕಂಡುಕೊಂಡಿತು. ತಂದೆತಾಯಿ ಎಲ್ಲ ಮಕ್ಕಳೊಡನೆ ಒಂದೇ ರೀತಿ ಮಾತಾಡುವುದಿಲ್ಲ.

ಭಾರತದಲ್ಲಿ ಈ ದಿಕ್ಕಿನ ಕೆಲಸಕ್ಕೆ ಬೆಂಗಳೂರು ಮುಖ್ಯ ನೆಲೆ. ಪ್ರಾಮಿಸ್ ಫೌಂಡೇಶನ್‌ನ ಗಿಡಿಯನ್ ಅರುಳ್ಮಣಿ ವೃತ್ತಿಯ ಬಗೆಗಿನ ನಂಬಿಕೆಗಳು ವ್ಯಕ್ತಿಯವಲ್ಲ, ಸಮುದಾಯದವು ಎಂಬ ನೆಲೆಯಿಂದ ಹೊರಟವರು. ಬಡ ಕುಟುಂಬಗಳ ಮಕ್ಕಳಲ್ಲಿ ಬೇಗ ಸಂಪಾದನೆಗೆ ಇಳಿಯಬೇಕು, ದೀರ್ಘ ತರಬೇತಿಯಿಂದ ಲಾಭವಿಲ್ಲ ಎಂಬಂಥ ನಂಬಿಕೆಗಳು ಬಲವಾಗಿರುವುದನ್ನು ಅವರು ಸಹಲೇಖಕರೊಡನೆ 2003ರಲ್ಲಿ ದಾಖಲಿಸಿದರು.

ಎಸ್‌ಎಸ್‌ಎಲ್‌ಸಿಯಿಂದ ಸಿಇಟಿವರೆಗೆ

ಕರ್ನಾಟಕದಲ್ಲಿ ತಂದೆತಾಯಿಯ ಪ್ರಭಾವ ಎದ್ದುಕಾಣುವುದು ಎಸ್‌ಎಸ್‌ಎಲ್‌ಸಿ ಫಲಿತಾಂಶಕ್ಕೂ ಪಿಯುಸಿ ಪ್ರವೇಶಕ್ಕೂ ನಡುವಿನ ಕೆಲವೇ ವಾರಗಳಲ್ಲಿ. ಕಲೆ, ವಾಣಿಜ್ಯ, ವಿಜ್ಞಾನ ಎಂಬ ಮೂರು ಕವಲು. ಒಳಗೆ ಪಿಸಿಎಂಬಿ, ಪಿಸಿಎಂಸಿ ಮೊದಲಾದ ಕಾಂಬಿನೇಷನ್ನುಗಳು. ಅರ್ಜಿಯ ಮೇಲೆ ಹೆಸರು ಮಗುವಿನದು, ತೀರ್ಮಾನ ಸಾಮಾನ್ಯವಾಗಿ ಅಂಕದ್ದು ಮತ್ತು ಮನೆಯವರದು. ತೊಂಬತ್ತು ದಾಟಿದರೆ ಸೈನ್ಸ್, ಅರವತ್ತಾದರೆ ಕಾಮರ್ಸ್, ಅದಕ್ಕೂ ಕೆಳಗಾದರೆ ಆರ್ಟ್ಸ್ ಎಂಬ ಅಲಿಖಿತ ನಿಯಮದಲ್ಲಿ ಮಗುವಿನ ಒಲವಿನ ಪ್ರಶ್ನೆ ಏಳುವುದೇ ಇಲ್ಲ. ಹತ್ತನೆಯ ತರಗತಿಯ ಇತಿಹಾಸ ಪುಸ್ತಕವನ್ನು ಕತೆಯಂತೆ ಓದಿದ ಹುಡುಗಿಗೆ 95 ಬಂದರೆ ಅದೇ ಅವಳಿಗೆ ಅಡ್ಡಿ.

ಈ ಏಣಿ ಹೀಗೇಕೆ ಇದೆ ಎಂಬುದಕ್ಕೆ ಇತಿಹಾಸವಿದೆ. ಖಾಸಗಿ ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಕಾಲೇಜುಗಳು ಇಲ್ಲಿ ಬೇಗ ಹಬ್ಬಿದವು. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಆರಂಭವಾದದ್ದು 1953ರಲ್ಲಿ. ಡೊನೇಷನ್ ಸೀಟಿನ ಹಾವಳಿಯನ್ನು ತಡೆಯಲು ರಾಜ್ಯ 1984ರಲ್ಲಿ ಕಾಯಿದೆ ಮಾಡಿತು. 1992ರ ಮೋಹಿನಿ ಜೈನ್ ಪ್ರಕರಣ, 1993ರ ಉನ್ನಿಕೃಷ್ಣನ್ ಪ್ರಕರಣಗಳಲ್ಲಿ ಸುಪ್ರೀಂ ಕೋರ್ಟ್ ಡೊನೇಷನ್ ಕುರಿತು ನೀಡಿದ ತೀರ್ಪುಗಳ ಬೆನ್ನಿಗೆ 1994ರಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆ (ಸಿಇಟಿ) ಬಂತು. ಹಣದ ಚೀಲದ ಜಾಗಕ್ಕೆ ರ್‍ಯಾಂಕ್ ಬಂದದ್ದರಿಂದ ಸಾವಿರಾರು ಕುಟುಂಬಗಳಿಗೆ ಮೊದಲ ಬಾರಿಗೆ ಬಾಗಿಲು ತೆರೆಯಿತೆಂಬುದನ್ನು ಮರೆಯಬಾರದು. ಅದೇ ವೇಳೆಗೆ ತಂದೆತಾಯಿಯ ಹಣ ಡೊನೇಷನ್ನಿನಿಂದ ಟ್ಯೂಷನ್ನಿಗೆ, ಕೋಚಿಂಗಿಗೆ, ದಕ್ಷಿಣ ಕನ್ನಡದ ವಸತಿ ಪಿಯು ಕಾಲೇಜುಗಳಿಗೆ ಹರಿಯತೊಡಗಿತು. ಬೀದರ್, ಬಾಗಲಕೋಟೆ ಕಡೆಯಿಂದ ಹದಿನಾರರ ಮಕ್ಕಳನ್ನು ಕರಾವಳಿಯ ಹಾಸ್ಟೆಲಿಗೆ ಬಿಟ್ಟುಬರುವುದು ಇಂದು ಯಾರಿಗೂ ಅಚ್ಚರಿಯಲ್ಲ.

ಎಂಜಿನಿಯರಿಂಗ್ ರ್‍ಯಾಂಕಿಗೆ ಪಿಯುಸಿಯ ಅಂಕದಲ್ಲಿ ಅರ್ಧ, ಸಿಇಟಿ ಅಂಕದಲ್ಲಿ ಅರ್ಧ ಸೇರುತ್ತದೆ. ರ್‍ಯಾಂಕ್ ಬಂದ ಮೇಲಿನ ಹಂತದಲ್ಲಿ ತಂದೆತಾಯಿಯ ತಿಳಿವಳಿಕೆಯ ಪರೀಕ್ಷೆ ನಡೆಯುತ್ತದೆ. ಬೇಕಾದ ಕಾಲೇಜು, ಬ್ರಾಂಚುಗಳ ಪಟ್ಟಿ ತುಂಬುವ ಆಪ್ಷನ್ ಎಂಟ್ರಿಯ ದಿನಗಳಲ್ಲಿ ತಾಲ್ಲೂಕು ಕೇಂದ್ರದ ಯಾವುದಾದರೂ ಸೈಬರ್ ಸೆಂಟರಿಗೆ ಹೋಗಿ ನೋಡಬೇಕು. ಅಪ್ಪ ಕುರ್ಚಿಯ ಹಿಂದೆ ನಿಂತಿರುತ್ತಾನೆ. ಕೈಯಲ್ಲಿ ಹೋದ ವರ್ಷದ ಕಟಾಫ್ ಪಟ್ಟಿ. ಕಾಲೇಜು ಮೊದಲೋ ಬ್ರಾಂಚ್ ಮೊದಲೋ ಎಂದು ಮಗಳು ಕೇಳಿದರೆ ಉತ್ತರ ಬರುವುದು ಕಂಪ್ಯೂಟರಿನ ಮುಂದೆ ಕೂತ ಹುಡುಗನಿಂದ. ಸೀಟು ಹಂಚಿಕೆಯಾದ ಮೇಲೆ ನಾಲ್ಕು ಚಾಯ್ಸ್: ಒಪ್ಪಿ ಸೇರುವುದು, ಒಪ್ಪಿಟ್ಟುಕೊಂಡು ಮೇಲಿನದಕ್ಕೆ ಕಾಯುವುದು, ಇದನ್ನು ಬಿಟ್ಟು ಮುಂದಿನ ಸುತ್ತಿಗೆ ನಿಲ್ಲುವುದು, ಪೂರ್ತಿ ಹೊರಬರುವುದು. ಎರಡಕ್ಕೂ ಮೂರಕ್ಕೂ ಇರುವ ವ್ಯತ್ಯಾಸ ತಿಳಿಯದೆ ಕೈಯಲ್ಲಿದ್ದ ಸೀಟು ಕಳೆದುಕೊಂಡರೆ ಅದು ದಡ್ಡತನವಲ್ಲ, ಮನೆಯಲ್ಲಿ ಮೊದಲೇ ಈ ದಾರಿ ನಡೆದವರಿಲ್ಲದ ಕೊರತೆ. ಅಕ್ಕನೋ ಚಿಕ್ಕಪ್ಪನ ಮಗನೋ ಎಂಜಿನಿಯರಾಗಿರುವ ಮನೆಯಲ್ಲಿ ಇದು ಊಟದ ಹೊತ್ತಿನ ಮಾತು.

ಎಷ್ಟೋ ಮೊದಲು ಮಾಡಿದ ತೀರ್ಮಾನ ಇಲ್ಲಿ ಲೆಕ್ಕಕ್ಕೆ ಬರುವುದೂ ಉಂಟು. ಗ್ರಾಮೀಣ ಮೀಸಲಾತಿಗೆ ಒಂದರಿಂದ ಹತ್ತರವರೆಗೆ ಗ್ರಾಮೀಣ ಪ್ರದೇಶದಲ್ಲಿಯೂ, ಕನ್ನಡ ಮಾಧ್ಯಮದ ಮೀಸಲಾತಿಗೆ ಅಷ್ಟೂ ವರ್ಷ ಕನ್ನಡದಲ್ಲಿಯೂ ಓದಿರಬೇಕು. ಒಳ್ಳೆಯ ಶಾಲೆಯೆಂದು ಮಗುವನ್ನು ಎಂಟನೆಯ ತರಗತಿಗೆ ಪಟ್ಟಣದ ಇಂಗ್ಲಿಷ್ ಶಾಲೆಗೆ ಹಾಕಿದವರು ಹದಿನೆಂಟನೆಯ ವಯಸ್ಸಿನ ಸೀಟಿನ ಬಗ್ಗೆ ಆಗ ಯೋಚಿಸಿರುವುದಿಲ್ಲ.

ಪಿಯುಸಿಯ ಹೊರಗಿರುವ ದಾರಿಗಳು ಮನೆಗಳಿಗೆ ತಲುಪುವುದು ಇನ್ನೂ ಕಡಿಮೆ. ಹತ್ತರ ನಂತರ ಮೂರು ವರ್ಷದ ಡಿಪ್ಲೊಮಾ ಮಾಡಿದವರು ತಮಗಾಗಿ ಇರುವ ಪ್ರವೇಶ ಪರೀಕ್ಷೆಯಾದ ಡಿಸಿಇಟಿ ಬರೆದು ನೇರ ಎರಡನೆಯ ವರ್ಷದ ಎಂಜಿನಿಯರಿಂಗಿಗೆ ಸೇರಬಹುದು. ಐಟಿಐ ಮುಗಿಸಿದವರಿಗೆ ಡಿಪ್ಲೊಮಾದ ಬಾಗಿಲಿದೆ. ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರಗಳಲ್ಲಿ ಅಚ್ಚು ತಯಾರಿಕೆಯಂಥ ಬೇಡಿಕೆಯ ಕೆಲಸ ಕಲಿಸುತ್ತಾರೆ. ಇವನ್ನು ದಡ್ಡರ ದಾರಿಯೆಂದು ಬಗೆಯುವ ಮಧ್ಯಮವರ್ಗದ ಮನೆಗಳಲ್ಲಿ ಐಟಿಐ ಎಂಬ ಮಾತು ಬೆದರಿಕೆಯಾಗಿ ಬಳಕೆಯಾಗುತ್ತದೆ. ಓದದಿದ್ದರೆ ಐಟಿಐಗೆ ಹಾಕುತ್ತೇನೆ ಎಂಬ ಗದರಿಕೆಯನ್ನು ಕೇಳಿ ಬೆಳೆದ ಮಗು ಮುಂದೆ ಅಲ್ಲಿಗೆ ಹೋದರೂ ಸೋತವನಂತೆಯೇ ಹೋಗುತ್ತದೆ. ಪ್ರಥಮ್ ಸಂಸ್ಥೆಯ ಅಸರ್ 2023ರ ಸಮೀಕ್ಷೆಯಲ್ಲಿ 14ರಿಂದ 18 ವರ್ಷದ ಗ್ರಾಮೀಣ ಮಕ್ಕಳಲ್ಲಿ ಶೇ. 86.8ರಷ್ಟು ಓದುತ್ತಿದ್ದರು, ವೃತ್ತಿ ತರಬೇತಿಯಲ್ಲಿದ್ದವರು ಶೇ. 5.6 ಮಾತ್ರ.

ಕನಸುಗಳು ಕೆಲವೇ ಕೆಲಸಗಳ ಸುತ್ತ ಕಿಕ್ಕಿರಿಯುವುದು ನಮ್ಮಲ್ಲಷ್ಟೇ ಅಲ್ಲ. ಒಇಸಿಡಿ 2020ರಲ್ಲಿ ಪ್ರಕಟಿಸಿದ ವರದಿಯಲ್ಲಿ 41 ದೇಶಗಳ ಹದಿನೈದರ ಹುಡುಗರಲ್ಲಿ ಶೇ. 47, ಹುಡುಗಿಯರಲ್ಲಿ ಶೇ. 53ರಷ್ಟು ಮಂದಿ ಬರೇ ಹತ್ತು ಕೆಲಸಗಳನ್ನು ಹೆಸರಿಸಿದರು. 2000ದಲ್ಲಿ ಈ ಪ್ರಮಾಣ ಕ್ರಮವಾಗಿ ಶೇ. 38 ಮತ್ತು 49 ಇತ್ತು.

ಹೆಣ್ಣುಮಕ್ಕಳು

ಮಗಳ ವಿಷಯದಲ್ಲಿ ವೃತ್ತಿಯ ಪ್ರಶ್ನೆಯ ಜೊತೆಗೆ ದೂರದ, ಭದ್ರತೆಯ, ಮದುವೆಯ ಪ್ರಶ್ನೆಗಳು ಬೆರೆಯುತ್ತವೆ. ಯಾವ ಕಾಲೇಜು ಎಂಬುದನ್ನು ಎಷ್ಟೋ ಕಡೆ ಸಂಜೆಯ ಕೊನೆಯ ಬಸ್ಸೇ ನಿರ್ಧರಿಸುತ್ತದೆ. ಅಸರ್ ಸಮೀಕ್ಷೆಯಲ್ಲಿ ಹನ್ನೊಂದು ಮತ್ತು ಮೇಲಿನ ತರಗತಿಗಳ ಹುಡುಗರಲ್ಲಿ ಶೇ. 36.3 ಮಂದಿ ವಿಜ್ಞಾನ ವಿಷಯಗಳಲ್ಲಿದ್ದರೆ ಹುಡುಗಿಯರಲ್ಲಿ ಆ ಪ್ರಮಾಣ ಶೇ. 28.1. ಇದನ್ನೆಲ್ಲ ತಂದೆತಾಯಿಯ ಮನೋಭಾವಕ್ಕೆ ಹೊರಿಸುವ ಮೊದಲು ಬಿಹಾರದ ಅನುಭವವನ್ನು ನೋಡುವುದು ಒಳ್ಳೆಯದು. ಅಲ್ಲಿ 2006ರಲ್ಲಿ ಹೈಸ್ಕೂಲಿಗೆ ಸೇರುವ ಹುಡುಗಿಯರಿಗೆ ಸೈಕಲ್ ಕೊಡುವ ಯೋಜನೆ ಬಂತು. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ನಡೆಸಿದ ಅಧ್ಯಯನದ ಪ್ರಕಾರ ಹುಡುಗಿಯರ ದಾಖಲಾತಿ ಶೇ. 32ರಷ್ಟು ಏರಿತು. ಮನಸ್ಸಿಲ್ಲದವರೆಂದು ಎಣಿಸಿದ್ದ ತಂದೆತಾಯಿಯರಲ್ಲಿ ಅನೇಕರಿಗೆ ಇದ್ದದ್ದು ದಾರಿಯ ಚಿಂತೆ. ಕರ್ನಾಟಕವೂ 2006-07ರಿಂದ ಎಂಟನೆಯ ತರಗತಿಗೆ ಸೈಕಲ್ ಹಂಚಿತು. ಮಹಿಳೆಯರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ನೀಡುವ ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಬಂತು.

ಮನೋಭಾವವೂ ಬದಲಾಗಬಲ್ಲದು ಎಂಬುದಕ್ಕೆ ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯ ಅಧ್ಯಯನವೇ ಸಾಕ್ಷಿ. ಲೋರಿ ಬೀಮನ್, ಎಸ್ತರ್ ಡುಫ್ಲೊ, ರೋಹಿಣಿ ಪಾಂಡೆ, ಪೆಟಿಯಾ ಟೋಪಲೋವಾ 495 ಹಳ್ಳಿಗಳನ್ನು ನೋಡಿ 2012ರಲ್ಲಿ ವರದಿ ಮಾಡಿದರು. ಮೀಸಲಾತಿಯಿಂದಾಗಿ ಎರಡು ಅವಧಿಗೆ ಮಹಿಳೆಯೇ ಪಂಚಾಯಿತಿ ಮುಖ್ಯಸ್ಥೆಯಾಗಿದ್ದ ಊರುಗಳಲ್ಲಿ, ಮಗ ಮಗಳ ಬಗ್ಗೆ ತಂದೆತಾಯಿ ಇಟ್ಟುಕೊಂಡ ಆಕಾಂಕ್ಷೆಗಳ ನಡುವಿನ ಅಂತರ ಶೇ. 25ರಷ್ಟು, ಮಕ್ಕಳದೇ ಆಕಾಂಕ್ಷೆಗಳ ಅಂತರ ಶೇ. 32ರಷ್ಟು ಕುಗ್ಗಿತ್ತು. ಯಾರೂ ಬಂದು ಭಾಷಣ ಮಾಡಿರಲಿಲ್ಲ. ಕುರ್ಚಿಯ ಮೇಲೆ ಕೂತ ಹೆಂಗಸನ್ನು ಜನ ಕಣ್ಣಾರೆ ಕಂಡಿದ್ದರು.

ಮನೆಯ ಕೆಲಸ, ಹೊರಗಿನ ಕೆಲಸ

ದುಡಿಮೆಯ ರೂಢಿಗಳು ದುಡಿದೇ ಬರಬೇಕು. ಅಮೆರಿಕದ ಸೇಂಟ್ ಪಾಲ್ ನಗರದಲ್ಲಿ 1988ರಿಂದ ಒಂಬತ್ತನೆಯ ತರಗತಿಯ ಸಾವಿರ ಮಕ್ಕಳನ್ನು ಹಿಂಬಾಲಿಸಿದ ಜೇಲನ್ ಮಾರ್ಟಿಮರ್, ವಾರಕ್ಕೆ 20 ಗಂಟೆ ಮೀರದಂತೆ ಎಡೆಬಿಡದೆ ದುಡಿದ ಹದಿಹರೆಯದವರು ಓದನ್ನೂ ಮುಂದಿನ ಉದ್ಯೋಗವನ್ನೂ ಚೆನ್ನಾಗಿ ನಿಭಾಯಿಸಿದ್ದನ್ನು ಕಂಡಳು. ಭಾರತದಲ್ಲಿ ಈ ತೀರ್ಮಾನವನ್ನು ಎತ್ತಿ ಹಾಗೇ ಇಡುವಂತಿಲ್ಲ. ಇಲ್ಲಿ ಒಂದು ವರ್ಗದ ಮಕ್ಕಳಿಗೆ ದುಡಿಮೆ ವಿಪರೀತ, ಇನ್ನೊಂದಕ್ಕೆ ಸೊನ್ನೆ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯಿದೆ 14ರ ಒಳಗಿನವರ ದುಡಿಮೆಯನ್ನು ನಿಷೇಧಿಸಿದರೂ ಶಾಲೆಯ ಹೊತ್ತು ಬಿಟ್ಟು ಕುಟುಂಬದ ಕೆಲಸಕ್ಕೆ ನೆರವಾಗಲು ಅವಕಾಶವಿಟ್ಟಿದೆ; 14ರಿಂದ 18ರವರನ್ನು ಅಪಾಯಕಾರಿ ಕೆಲಸಗಳಿಂದ ದೂರವಿಟ್ಟಿದೆ. ಇನ್ನೊಂದು ತುದಿಯಲ್ಲಿ ನೀನು ಓದಿಕೊಂಡರೆ ಸಾಕು ಎಂದು ತಟ್ಟೆ ತೊಳೆಯಲೂ ಬಿಡದೆ ಸಾಕಿದ ಮಕ್ಕಳಿದ್ದಾರೆ. ಬ್ಯಾಂಕಿನ ಚಲನ್ ತುಂಬುವುದು, ಕಿರಾಣಿ ಲೆಕ್ಕ ಒಪ್ಪಿಸುವುದು, ಒಬ್ಬರೇ ಬಸ್ಸು ಹಿಡಿದು ಬೇರೆ ಊರಿಗೆ ಹೋಗಿಬರುವುದು ಹದಿನೆಂಟಾದರೂ ಇವರಿಗೆ ಬರುವುದಿಲ್ಲ. ಇದರಲ್ಲಿ ಗಂಡುಮಕ್ಕಳದೇ ಹೆಚ್ಚು ಪಾಲು. ಹೆಣ್ಣುಮಕ್ಕಳಿಗೆ ಅಡುಗೆಮನೆಯಲ್ಲಿ ಆ ವಿನಾಯಿತಿ ಸಿಕ್ಕುವುದು ಅಪರೂಪ.

ಪ್ರಭಾವದ ಮಿತಿ ಮತ್ತು ಸಾಂಸ್ಥಿಕ ನೆರವು

ತಂದೆತಾಯಿಯ ಪಾತ್ರವನ್ನು ಹಿಗ್ಗಿಸಿ ಹೇಳಲಾಗಿದೆ ಎನ್ನುವವರೂ ಇದ್ದಾರೆ. ಜುಡಿತ್ ರಿಚ್ ಹ್ಯಾರಿಸ್ 1998ರಲ್ಲಿ ಮಕ್ಕಳನ್ನು ರೂಪಿಸುವುದರಲ್ಲಿ ಓರಗೆಯವರದೇ ಮೇಲುಗೈ ಎಂದು ವಾದಿಸಿ ದೊಡ್ಡ ಚರ್ಚೆಗೆ ಕಾರಣಳಾದಳು. ಅವಳಿ ಮಕ್ಕಳ ಅಧ್ಯಯನಗಳಲ್ಲಿ ವೃತ್ತಿಯ ಆಸಕ್ತಿಗಳು ಒಂದಷ್ಟು ಮಟ್ಟಿಗೆ ಅನುವಂಶೀಯವೆಂದು ಕಂಡಿರುವುದರಿಂದ, ವೈದ್ಯರ ಮಗಳು ವೈದ್ಯೆಯಾದುದೆಲ್ಲ ಬೆಳೆಸಿದ ರೀತಿಯ ಫಲವೆನ್ನಲಾಗದು. ಪ್ರಭಾವ ಹಿಮ್ಮುಖವಾಗಿಯೂ ಹರಿಯುತ್ತದೆ: ಮಗು ಆಸಕ್ತಿ ತೋರಿಸಿದ ಮೇಲೆ ತಂದೆತಾಯಿ ಬೆಂಬಲಕ್ಕೆ ನಿಲ್ಲುವುದು ಎಷ್ಟೋ ಸಲ ಇದೆ. ಮೊದಲ ತಲೆಮಾರಿನ ವಿದ್ಯಾವಂತರ ಮನೆಗಳಲ್ಲಿ ವಿದ್ಯಾರ್ಥಿವೇತನದ ಅರ್ಜಿ, ಆದಾಯ ಪ್ರಮಾಣಪತ್ರ, ಬ್ಯಾಂಕ್ ಖಾತೆಯನ್ನೆಲ್ಲ ನೋಡಿಕೊಳ್ಳುವವರು ಮಕ್ಕಳೇ. ಅಲ್ಲಿ ತಾಯಿ ಕೊಡಬಹುದಾದದ್ದು ಮಾಹಿತಿಯಲ್ಲ, ಕೂಲಿಗೆ ಕಳಿಸದೆ ಉಳಿಸಿಕೊಟ್ಟ ಒಂದು ವರ್ಷ.

ತಂದೆತಾಯಿಗೆ ತಿಳಿಯದ್ದನ್ನು ಶಾಲೆ ತುಂಬಿಕೊಡಬೇಕು ಎಂಬುದು ಹಳೆಯ ವಿಚಾರ. ಮಾಧ್ಯಮಿಕ ಶಿಕ್ಷಣವನ್ನು ಕುರಿತ ಮುದಲಿಯಾರ್ ಆಯೋಗ 1953ರಲ್ಲಿಯೇ ಮಾರ್ಗದರ್ಶನ ಸೇವೆಯನ್ನು ಶಿಫಾರಸು ಮಾಡಿತು; ಮರುವರ್ಷ ದೆಹಲಿಯಲ್ಲಿ ಅದಕ್ಕಾಗಿ ಕೇಂದ್ರೀಯ ಸಂಸ್ಥೆಯೊಂದು ಬಂತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರನೆಯ ತರಗತಿಯಿಂದಲೇ ಕಸುಬುಗಳ ಪರಿಚಯವನ್ನೂ, ಬಡಗಿ, ಕುಂಬಾರ ಮೊದಲಾದ ಸ್ಥಳೀಯ ಕುಶಲಕರ್ಮಿಗಳ ಬಳಿ ಮಕ್ಕಳು ಕಲಿಯುವ ಹತ್ತು ದಿನಗಳ ಚೀಲವಿಲ್ಲದ ಅವಧಿಯನ್ನೂ ಸೂಚಿಸಿತು. ಕೋಚಿಂಗ್ ಕೇಂದ್ರಗಳು 16 ವರ್ಷದೊಳಗಿನವರನ್ನು ಸೇರಿಸಿಕೊಳ್ಳಬಾರದೆಂದು ಕೇಂದ್ರ ಸರ್ಕಾರ 2024ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿತು. ಇಂಗ್ಲೆಂಡಿನ ಶಾಲೆಗಳಿಗಾಗಿ 2014ರಲ್ಲಿ ರೂಪಿಸಿದ ಗ್ಯಾಟ್ಸ್‌ಬಿ ಮಾನದಂಡಗಳು ಉದ್ಯೋಗ ಮಾರುಕಟ್ಟೆಯ ಮಾಹಿತಿ ವಿದ್ಯಾರ್ಥಿಗೆ ಮಾತ್ರವಲ್ಲ, ತಂದೆತಾಯಿಗೂ ಸಿಗಬೇಕೆನ್ನುತ್ತವೆ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2001ರಿಂದ ಇರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿಗಳಲ್ಲಿ ತಂದೆತಾಯಿಯೇ ಬಹುಮತ. ಅವರ ಸಭೆಗಳಲ್ಲಿ ಹೆಚ್ಚಾಗಿ ಚರ್ಚೆಗೆ ಬರುವುದು ಕಟ್ಟಡ, ಬಿಸಿಯೂಟ, ಶಿಕ್ಷಕರ ಕೊರತೆ. ಹತ್ತರ ನಂತರ ಮಕ್ಕಳಿಗೆ ಏನೇನು ದಾರಿಯಿದೆ ಎಂಬುದನ್ನು ಆ ಸಭೆಯ ಮುಂದಿಡುವ ಕೆಲಸ ಅಲ್ಲಲ್ಲಿ ಆಸಕ್ತ ಮುಖ್ಯಶಿಕ್ಷಕರಿಂದ ನಡೆಯುತ್ತಿದೆ. ದಿನಗೂಲಿ ಬಿಟ್ಟು ಬರಲಾಗದವರಿಗಾಗಿ ಕೆಲವರು ಸಭೆಯನ್ನು ಸಂಜೆಗೆ ಇಟ್ಟುಕೊಳ್ಳುತ್ತಾರೆ.